ಹೊರಗೆ ಕೂತವಳಿಗೆ ಮಾಟಗಾತಿಯ ಕಾದಂಬರಿ

ಹೆದರಿದ ಹುಡುಗಿಗೆ ನಗೆಯ ಪುಸ್ತಕ ಕೊಡಿ ಎಂದು ಹೇಳುವವರ ಮಾತನ್ನು ನಾನು ಕೇಳುವುದಿಲ್ಲ. ಒಮ್ಮೆ ಕೇಳಿ ನೋಡಿದ್ದೇನೆ, ಕೆಲಸ ಮಾಡಲಿಲ್ಲ. ಹೆದರಿದ ಹುಡುಗಿಗೆ ಬೇಕಾದದ್ದು ಕಗ್ಗತ್ತಲೆಯ ಅರಮನೆ. ಆ ಅರಮನೆಯಲ್ಲಿ ಮೈತುಂಬ ಒಡವೆ ಹಾಕಿಕೊಂಡು, ಯಾರಿಗೂ ತಲೆ ಬಾಗಿಸದೆ ಓಡಾಡುವ ಒಬ್ಬ ಮಾಟಗಾತಿ. ಮೇಷ್ಟ್ರುಗಳು ಮೂಗು ಮುರಿಯಲಿ, ವಕೀಲರ ಮನೆಯವರು ಬಾಗಿಲು ಹಾಕಿಕೊಳ್ಳಲಿ, ನಾನು ಹೇಳುವುದು ಇದನ್ನೇ. ಇದನ್ನು ಕಲಿತದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಪುಸ್ತಕದ ಟ್ರಂಕು ಹೊತ್ತು ಹೊಸದುರ್ಗದ ಬಸ್ಸು ಹತ್ತುತ್ತಿದ್ದಾಗ.

ನನ್ನದು ಓಡಾಡುವ ಲೈಬ್ರರಿ. ಚಿತ್ರದುರ್ಗದಲ್ಲಿ ನಮ್ಮ ಅಬ್ಬಾ, ನನ್ನ ತಂದೆ, ರಟ್ಟು ಕಟ್ಟುವ ಕೆಲಸದವರು. ಅವರ ಸೂಜಿ, ದಾರ, ಕತ್ತರಿ ನನ್ನ ಕೈಗೆ ಬಂದವು. ಹೊದಿಕೆ ಹರಿದ ಕಾದಂಬರಿಗಳನ್ನು ರದ್ದಿಯವರಿಂದ ಚೌಕಾಸಿ ಮಾಡಿ ತಂದು, ಹೊಸ ರಟ್ಟು ಕಟ್ಟಿ, ಸಂತೆಯ ದಿನ ನೋಡಿಕೊಂಡು ಒಂದೊಂದು ಊರಿಗೆ ಒಯ್ದು ಬಾಡಿಗೆಗೆ ಕೊಡುತ್ತಿದ್ದೆ. ಹಿರಿಯೂರಿನ ಹುಡುಗರಿಗೆ ರಕ್ತ ಬೇಕಿತ್ತು. ಹೊಳಲ್ಕೆರೆಯ ಹುಡುಗಿಯರಿಗೆ ರೇಷ್ಮೆ, ಒಡವೆ, ಕನ್ನಡಿಮಹಲು ಬೇಕಿತ್ತು. ಹೊಸದುರ್ಗದವರಿಗೆ ಎರಡೂ ಬೇಕಿತ್ತು, ಕೇಳಲು ಮಾತ್ರ ನಾಚಿಕೆ.

ಈ ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಮಾತು. ದಪ್ಪ ಕಾದಂಬರಿಯನ್ನು ಇಡಿಯಾಗಿ ಕೊಡಬೇಡಿ, ಒಬ್ಬರ ಮನೆಯಲ್ಲೇ ಕೂತುಬಿಡುತ್ತದೆ. ನಾನು ಬೆನ್ನು ಬಿಚ್ಚಿ, ಹೊಲಿಗೆ ಕಡಿದು, ಮೂರು ಭಾಗ ಮಾಡಿ ಪ್ರತಿಯೊಂದಕ್ಕೂ ಬೇರೆ ರಟ್ಟು ಹಾಕುತ್ತಿದ್ದೆ. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಹತ್ತಿರ ಬರುವುದಿಲ್ಲ. ಆದರೆ ಅಂಟಿಗಿಂತ ದೊಡ್ಡ ವಿದ್ಯೆ ಎಲ್ಲಿ ಕಡಿಯಬೇಕು ಎಂಬುದು. ಪುಟ ಸಮ ಮಾಡಿ ಕಡಿಯುವುದು ದಡ್ಡರ ಕೆಲಸ. ಕಥೆಯಲ್ಲಿ ಯಾರೋ ಬಾಗಿಲು ತಟ್ಟಬೇಕು, ಬಾಗಿಲು ಇನ್ನೂ ತೆರೆದಿರಬಾರದು. ಅಲ್ಲಿ ಕತ್ತರಿ ಇಡಬೇಕು.

ಮಾಯಾ ಕಾದಂಬರಿ ಆರಿಸುವಾಗ ನಾನು ಮೊದಲ ಪುಟ ಓದುತ್ತಿರಲಿಲ್ಲ. ನಡುವೆ ಎಲ್ಲಾದರೂ ತೆರೆದು ಎರಡು ವಿಷಯ ನೋಡುತ್ತಿದ್ದೆ. ಮಾಟಗಾತಿ ಏನು ಉಟ್ಟಿದ್ದಾಳೆ ಎಂದು ಬರೆದವನು ಹೇಳಿದ್ದಾನೋ? ಅವಳ ಮಂತ್ರಕ್ಕೆ ಅವಳು ಏನನ್ನಾದರೂ ತೆರುತ್ತಾಳೋ? ಉಡುಗೆ ಹೇಳದ ಪುಸ್ತಕವನ್ನು ಹುಡುಗಿಯರು ಹಿಂದಿರುಗಿಸುತ್ತಾರೆ. ಮಂತ್ರ ಪುಕ್ಕಟೆ ಸಿಗುವ ಕಥೆಗೆ ಎರಡನೇ ಭಾಗ ಕೇಳುವವರೇ ಇರುವುದಿಲ್ಲ.

ಹೊಸದುರ್ಗದಲ್ಲಿ ನನ್ನ ಜಾಗ ಒಬ್ಬ ವಕೀಲರ ಮನೆಯ ಜಗಲಿ. ವಕೀಲರ ಹೆಂಡತಿಗೆ ಓದಿನ ಹುಚ್ಚು. ಅವರನ್ನು ಎಲ್ಲರೂ ವಕೀಲರಮ್ಮ ಎನ್ನುತ್ತಿದ್ದರು. ಅವರ ಜಗಲಿಗೆ ಬೀದಿಯ ಒಳ್ಳೊಳ್ಳೆ ಮನೆಯ ಹೆಂಗಸರೆಲ್ಲ ಬರುತ್ತಿದ್ದರು. ನನಗೆ ನೆರಳು, ಕೂರಲು ಚಾಪೆ, ಕುಡಿಯಲು ಮಜ್ಜಿಗೆ. ಅವರಿಗೆ ಹೊಸ ಪುಸ್ತಕದ ಮೊದಲ ಸರದಿ. ಇಬ್ಬರಿಗೂ ಲಾಭವಿದ್ದ ಒಪ್ಪಂದ.

ಆ ಜಗಲಿಯ ಕೆಳಗೆ ಒಂದು ಸಂತೆಯ ದಿನ, ಉಣ್ಣೆ ನೂಲಿನ ಗಂಟು ಹೊತ್ತ ಹೆಂಗಸೊಬ್ಬಳು ನಿಂತಳು. ಮೇಲೆ ಹತ್ತಲಿಲ್ಲ.

"ಪುಸ್ತಕದ ಬೂಬಮ್ಮ ಅಂದ್ರೆ ನೀವೇ ಏನು?"

"ನಾನೇ. ಬರ್ರಿ, ಕುಂತ್ಕಳ್ರಿ."

"ಕುಂತ್ಕಳಾಕೆ ಬಂದಿಲ್ಲ ಕಣವ್ವ. ಇದ್ರಾಗೆ ಹೆದ್ರಿಕೆ ಹೋಗೋ ಬುಕ್ಕು ಐತಾ?"

ಜಗಲಿಯ ಮೇಲಿದ್ದವರು ನಕ್ಕರು. ನಾನು ನಗಲಿಲ್ಲ. ಇಷ್ಟು ಖಚಿತವಾಗಿ ತನಗೆ ಬೇಕಾದದ್ದನ್ನು ಹೇಳುವ ಗಿರಾಕಿ ನನಗೆ ಸಿಕ್ಕಿದ್ದೇ ಕಡಿಮೆ. ಹೆದರಿಕೆ ಯಾರಿಗೆ ಎಂದು ಕೇಳಿದೆ.

"ನನ್ ಮಗ್ಳಿಗೆ. ಮತ್ತೋಡು ಇಸ್ಕೂಲ್ನಾಗೆ ಏಳ್ನೇ ಕ್ಲಾಸು ಗಂಟ ಓದವ್ಳೆ. ಹೊರಗೆ ಕುಂತಾಗ ಒಬ್ಳೇ ನಡುಗ್ತಾಳೆ. ಹೋದ್ಸಲ ಜ್ವರಾನೇ ಬಂತು."

ಅವರದು ಮತ್ತೋಡಿನ ಆಚೆ ಕುರಿ ಸಾಕುವವರ ಹಟ್ಟಿ. ತಿಂಗಳ ದಿನಗಳಲ್ಲಿ ಅಲ್ಲಿಯ ಹೆಣ್ಣುಮಕ್ಕಳು ಮನೆಯಲ್ಲಿ ಇರುವಂತಿಲ್ಲ. ಹಟ್ಟಿಯ ಬೇಲಿಯಾಚೆ ಗರಿ ಹೊದಿಸಿದ ಸಣ್ಣ ಗುಡಿಸಲಲ್ಲಿ ಇರಬೇಕು, ಅದಕ್ಕೆ ಅವರು ಗುಡ್ಲು ಎನ್ನುತ್ತಾರೆ. ಊಟ ತಂದವರು ದೂರದಲ್ಲಿ ಇಟ್ಟು ಹೋಗುತ್ತಾರೆ, ಮುಟ್ಟುವುದಿಲ್ಲ. ಹಿಂದೆ ಹುಡುಗಿಯ ಜೊತೆಗೆ ಅತ್ತೆಯೊಬ್ಬಳು ಇರುತ್ತಿದ್ದಳಂತೆ. ಅವಳಿಗೆ ವಯಸ್ಸಾಗಿ ಮುಟ್ಟು ನಿಂತಮೇಲೆ ಹುಡುಗಿ ಒಬ್ಬಳೇ.

"ಅಯ್ಯೋ ಪಾಪ, ಚೆನ್ನಾಗಿ ನಗೋ ಅಂಥಾದ್ದು ಯಾವುದಾದರೂ ಕೊಡಿ," ಎಂದರು ವಕೀಲರಮ್ಮ. ಅವರ ಮನಸ್ಸು ಕೆಟ್ಟದ್ದಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಹೊಟ್ಟೆಬಾಕನೊಬ್ಬನ ಫಜೀತಿಗಳ ತೆಳ್ಳನೆಯ ಪುಸ್ತಕ ಕೊಟ್ಟು ಕಳಿಸಿದೆ.

ಮರುತಿಂಗಳು ಪುಸ್ತಕ ಬಂತು. ಮಗಳು ನಗಲಿಲ್ಲ, ನಡುಕವೂ ನಿಲ್ಲಲಿಲ್ಲ. ಓದುವವರ ಮುಖ ನೋಡದೆ ಪುಸ್ತಕ ಹೇಳುವುದು ಅಳತೆ ತೆಗೆಯದೆ ಕುಪ್ಪಸ ಹೊಲಿದ ಹಾಗೆ. ಆ ಸಲ ಟ್ರಂಕು ಸಮೇತ ಮತ್ತೋಡಿಗೆ ಹೋದೆ. ಹುಡುಗಿ ಹಟ್ಟಿಯ ಮುಂದೆ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. ಸಣ್ಣ ಮೈ, ಮೊನಚು ಗದ್ದ. ನನ್ನನ್ನು ಕಂಡು ಮೊದಲು ಕೇಳಿದ್ದೇ, "ಆ ಬುಕ್ಕು ಬರೆದೋನು ಎಲ್ಲಿ ಕುಂತು ಬರ್ದವ್ನೆ?"

"ಯಾಕವ್ವ?"

"ಅದ್ರಾಗೆ ಕತ್ಲೇ ಇಲ್ಲ. ಬರೇ ಮಧ್ಯಾಹ್ನ. ಮಧ್ಯಾಹ್ನ ನಾನ್ಯಾಕೆ ಹೆದರ್ಕಳ್ಳಿ?"

ಟ್ರಂಕು ತೆರೆದು ಅವಳ ಮುಂದೆ ಇಟ್ಟೆ. ಏನು ಇಷ್ಟ ಎಂದು ಕೇಳಲಿಲ್ಲ, ಆ ಪ್ರಶ್ನೆಗೆ ಎಲ್ಲರೂ ಸುಳ್ಳು ಹೇಳುತ್ತಾರೆ. ಕೈ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು ನನ್ನ ಪದ್ಧತಿ. ಎರಡು ಪತ್ತೇದಾರಿ ದಾಟಿತು, ಒಂದು ಸಂಸಾರದ ಕಥೆ ದಾಟಿತು, 'ಕರಿಗಾಜಿನ ಪಟ್ಟಣ'ದ ಒಂದನೇ ಭಾಗದ ಮೇಲೆ ನಿಂತಿತು.

ನನ್ನ ಟ್ರಂಕಿನಲ್ಲಿ ಅದಕ್ಕಿಂತ ಕಪ್ಪು ಕಥೆ ಬೇರೆ ಇರಲಿಲ್ಲ. ಕೆರೆಯ ತಳದಲ್ಲಿ ಕಪ್ಪು ಗಾಜಿನ ಪಟ್ಟಣ, ಅಲ್ಲಿಗೆ ಬಿಸಿಲು ಇಳಿಯುವುದಿಲ್ಲ. ಹೆಂಗಸರು ಹೆಪ್ಪುಗಟ್ಟಿದ ಬೆಂಕಿಯ ಬಳೆ ತೊಡುತ್ತಾರೆ. ಬಾವಲಿಗಳು ಅವರ ಸೆರಗು ಹಿಡಿದು ಹಿಂದೆ ಹಾರುತ್ತವೆ. ಅಲ್ಲಿಯ ರಾಣಿ ಹಿಂದೆ ಊರಿನಿಂದ ಹೊರಹಾಕಿಸಿಕೊಂಡ ಹುಡುಗಿ. ಕತ್ತಲನ್ನೇ ನೂಲಿನಂತೆ ತೆಗೆದು ನೇಯುವ ವಿದ್ಯೆ ಅವಳಿಗೆ ಬರುತ್ತದೆ. ಆದರೆ ಪ್ರತಿ ಮಂತ್ರಕ್ಕೂ ತಾನು ಬಲ್ಲ ಒಬ್ಬರ ಹೆಸರನ್ನು ಮರೆಯಬೇಕು. ಉಡುಗೆಯೂ ಇತ್ತು, ಬೆಲೆಯೂ ಇತ್ತು.

ತಾಯಿ ನನ್ನನ್ನು ಪಕ್ಕಕ್ಕೆ ಕರೆದಳು. "ಹೆದ್ರಿಕೆ ಹೋಗೋದು ಕೇಳಿದ್ರೆ ಮಾಟಗಾತೀದು ಕೊಡ್ತೀಯಲ್ಲ, ನಿಂಗೆ ತಲೆ ನೆಟ್ಟಗೈತಾ?"

"ಒಂದು ತಿಂಗಳು ನೋಡು. ಜ್ವರ ಬಂದ್ರೆ ನನ್ನನ್ನೇ ಬೈಯಿ. ಬಾಡಿಗೆ ಬೇಡ."

ನಾನು ಬಾಡಿಗೆ ಬೇಡ ಎಂದದ್ದು ಕೇಳಿದರೆ ಹಿರಿಯೂರಿನವರು ನಂಬುವುದಿಲ್ಲ. ಆದರೆ ನನ್ನ ಅಂದಾಜಿನ ಮೇಲೆ ನನಗೆ ನಂಬಿಕೆ ಇತ್ತು. ಕತ್ತಲಲ್ಲಿ ಏನಿದೆಯೋ ಗೊತ್ತಿಲ್ಲ ಎಂಬುದೇ ಅವಳ ಕಷ್ಟ. ಈ ಪುಸ್ತಕದ ಕತ್ತಲಲ್ಲಿ ಬೀದಿಗಳಿದ್ದವು, ಕಟ್ಟಳೆಗಳಿದ್ದವು, ಅದನ್ನು ಆಳುವವಳು ಒಬ್ಬಳಿದ್ದಳು.

ಜ್ವರ ಬರಲಿಲ್ಲ. ತಾಯಿ ಸಂತೆಗೆ ಬಂದಾಗ ನೂಲಿನ ಗಂಟು ಇಳಿಸುವ ಮೊದಲೇ ಎರಡನೇ ಭಾಗಕ್ಕೆ ಕೈ ಚಾಚಿದಳು. "ಅವ್ಳಿಗಷ್ಟೇ ಅಲ್ಲ ಕಣವ್ವ, ನಂಗೂ ಬೇಕು. ರಾಣಿ ಕೋಟೆ ಬಾಗ್ಲು ತಟ್ಟವ್ಳೆ. ತೆಗೆದ್ರಾ ಇಲ್ವಾ?"

ನಡೆದದ್ದು ಹೀಗೆ. ಮುಸ್ಸಂಜೆ ಊಟ ತಂದು ತಾಯಿ ದೂರದ ಬಂಡೆಯ ಮೇಲೆ ಕೂರುತ್ತಿದ್ದಳು. ಹತ್ತಿರ ಹೋಗುವಂತಿಲ್ಲ. ಮಗಳು ಗುಡ್ಲ ಬಾಗಿಲಲ್ಲಿ ಲಾಟೀನು ಇಟ್ಟುಕೊಂಡು ಅವಳಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಿದ್ದಳು. ನಡುವಿನ ಜಾಗವನ್ನು ದಾಟಲು ಅವರಿಬ್ಬರಿಗೂ ಅಪ್ಪಣೆ ಇಲ್ಲ, ದನಿಗೆ ಇತ್ತು.

ಎಡವಟ್ಟಾದದ್ದೂ ಅದರಿಂದಲೇ. ಎರಡನೇ ಭಾಗದ ಕೊನೆಯಲ್ಲಿ ರಾಣಿ ದೊಡ್ಡ ಮಂತ್ರ ಹೇಳುತ್ತಾಳೆ. ಪುಟ ತುಂಬ ಕೂಗು, ಅಬ್ಬರ. ಅದಕ್ಕೆ ಬೆಲೆಯಾಗಿ ತನ್ನ ತಾಯಿಯ ಹೆಸರನ್ನೇ ಮರೆಯುತ್ತಾಳೆ. ನಮ್ಮ ಹುಡುಗಿ ಅದನ್ನು ರಾಣಿಯ ಹಾಗೆಯೇ ಕೂಗಿ ಓದಿದಳು. ಆಗ ಕುರಿ ಹೊಡೆದುಕೊಂಡು ಬರುತ್ತಿದ್ದ ಹಟ್ಟಿಯ ಯಜಮಾನ ಅದನ್ನು ಕೇಳಿಸಿಕೊಂಡ. ಕುರಿಗಳು ಬೆದರಿ ಚೆಲ್ಲಾಪಿಲ್ಲಿಯಾದವು. ಅವನ ನಾಯಿ ಬೇಲಿ ಹಾರಿ ಮನೆ ಸೇರಿತು. ಹೊರಗೆ ಕೂತ ಹುಡುಗಿ ಗಾಳಿಯನ್ನು ಕರೆಯುತ್ತಿದ್ದಾಳೆ, ದೆವ್ವಕ್ಕೆ ಬಾಯಿ ಕೊಟ್ಟಿದ್ದಾಳೆ ಎಂದು ಹಟ್ಟಿಯೆಲ್ಲ ಸುದ್ದಿ. ಇನ್ನು ಪುಸ್ತಕ ಹಟ್ಟಿಯ ಸುತ್ತ ಕಾಣಕೂಡದು ಎಂದು ಯಜಮಾನ ಹೇಳಿಬಿಟ್ಟ.

ತಾಯಿ ಎರಡನೇ ಭಾಗವನ್ನು ಸೆರಗಿನಲ್ಲಿ ಸುತ್ತಿ ಜಗಲಿಗೆ ತಂದು ಕೊಟ್ಟಳು. ಅವಳು ಅಳಲಿಲ್ಲ, ಬೈದಳು. ಯಜಮಾನನನ್ನು, ನಾಯಿಯನ್ನು, ಕೊನೆಗೆ ನನ್ನನ್ನು. "ಹೆಸ್ರು ಮರೆಸಿ ನಿಲ್ಸಿದ್ದೀಯಲ್ಲ! ಇನ್ನೊಂದೆಲ್ಡು ಹಾಳೆ ಸೇರ್ಸಿದ್ರೆ ನಿನ್ ಗಂಟೇನು ಹೋಗ್ತಿತ್ತು? ಅವ್ಳು ಊಟಾನೇ ಬಿಟ್ಟವ್ಳೆ. ಮತ್ತೆ ಹೊರಗೆ ಹೋಗೋ ದಿನ ಬಂದ್ರೆ ಏನ್ ಮಾಡ್ಲಿ?"

ಕತ್ತರಿ ಇಟ್ಟದ್ದು ನಾನೇ, ಹಾಗಾಗಿ ಆ ಬೈಗುಳ ನನಗೆ ಸೇರಬೇಕಾದದ್ದೇ. ಮೂರನೇ ಭಾಗ ಆ ಹುಡುಗಿಯ ಕೈ ಸೇರಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಯಜಮಾನ ಜಾಲಿಮರದ ಕೆಳಗೆ ಕಂಬಳಿ ಹಾಸಿ ಕೂತಿದ್ದ. ಬಿಳಿ ಮೀಸೆ, ಬೆಣಚುಕಲ್ಲಿನಂಥ ಕಣ್ಣು. ಚೌಕಾಸಿಯಲ್ಲಿ ಒಂದು ನಿಯಮ ಇದೆ, ಎದುರಿನವನ ನಂಬಿಕೆಯ ಜೊತೆ ಜಗಳ ಆಡಬಾರದು. ಅವನಿಗೆ ನಿಜವಾಗಿ ಏನು ಬೇಕು ಎಂದು ಮೊದಲು ತಿಳಿಯಬೇಕು. ಹಟ್ಟಿಯ ಕಟ್ಟಳೆ ಮುರಿಯುತ್ತೇನೆ ಎಂದು ನಾನು ಹೋದವಳಲ್ಲ, ಆ ಶಕ್ತಿಯೂ ನನಗಿರಲಿಲ್ಲ. ಪುಸ್ತಕ ಕೊಟ್ಟು ಬರಲು ಹೋದವಳು.

"ನೀನು ಸಾಬರ ಹೆಣ್ಮಗಳು. ನಿಂಗೆ ನಮ್ ಗಾಳಿ ದೆವ್ವ ಏನ್ ಗೊತ್ತಾದೀತು?" ಎಂದ.

"ನಮ್ಮಲ್ಲಿ ಜಿನ್ನು ಅಂತೀವಿ ಯಜಮಾನ್ರೆ. ನಮ್ಮಜ್ಜಿ ಬಾಣಂತಿ ದಿಂಬಿನ ಕೆಳಗೆ ಚಾಕು ಇಡ್ತಿದ್ಲು. ನೀವು ಏನು ಇಡ್ತೀರಿ?"

"ಕುಡುಗೋಲು ಇಡ್ತೀವಿ. ಕಬ್ಬಿಣ ಇದ್ರೆ ಅದು ಹತ್ರ ಬರಾಕಿಲ್ಲ."

"ಗುಡ್ಲಾಗೆ ಕುಡುಗೋಲು ಐತಲ್ಲ?"

"ಐತೆ. ಕುಡುಗೋಲು ಸೂರ್ನಾಗೈತೆ, ಬುಕ್ಕು ಅವ್ಳ ತೊಡೆ ಮ್ಯಾಗೈತೆ. ಯಾವ್ದು ಹತ್ರ ಹೇಳು?"

ಒಳ್ಳೆಯ ವಾದ. ಮನಸ್ಸಿನಲ್ಲೇ ಮೆಚ್ಚಿಕೊಂಡೆ. "ಹಂಗಾದ್ರೆ ಬುಕ್ಕಿಗೇ ಕಬ್ಬಿಣ ಹಾಕಿಸ್ಕಂಡು ಬರ್ತೀನಿ. ಆಗ?"

ಅವನು ಮೀಸೆ ಸವರಿಕೊಂಡ. ಅಂಥ ಬೇಡಿಕೆ ಅವನ ಮುಂದೆ ಯಾರೂ ಇಟ್ಟಿರಲಿಲ್ಲ, ಹಾಗಾಗಿ ಬೇಡ ಎನ್ನಲು ಹಿಂದಿನವರ ಕಟ್ಟಳೆಯೂ ಇರಲಿಲ್ಲ. "ತಂದು ತೋರ್ಸು," ಎಂದ.

ವ್ಯಾಪಾರಿಗಳ ದಪ್ಪ ಲೆಕ್ಕದ ಪುಸ್ತಕಗಳಿಗೆ ನಾವು ತಗಡಿನ ಮೂಲೆಕಟ್ಟು ಹಾಕುತ್ತಿದ್ದೆವು. ಅವನ್ನೇ ಮೂರನೇ ಭಾಗದ ನಾಲ್ಕು ಮೂಲೆಗೂ ಬಡಿದು ತೆಗೆದುಕೊಂಡು ಹೋದೆ. ಯಜಮಾನ ಉಗುರಿನಿಂದ ಕೆರೆದ, ಬಗ್ಗಿಸಿದ, ಕಲ್ಲಿಗೆ ತಟ್ಟಿ ಸದ್ದು ಕೇಳಿದ.

"ಇದು ಎಣ್ಣೆ ಡಬ್ಬದ ತಗಡು ಕಣಮ್ಮ. ದೆವ್ವಕ್ಕೆ ಏನ್ ಕಣ್ ಕಾಣಲ್ವಾ?"

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಕೋಪಕ್ಕಿಂತ ನಾಚಿಕೆಯಾಯಿತು. ಅವನು ಕೇಳಿದ್ದು ಅಪ್ಪಟ ಮಾಲು, ನಾನು ಕೊಟ್ಟದ್ದು ನಕಲಿ. ಊರಿನಲ್ಲಿ ಎತ್ತಿಗೆ ಲಾಳ ಕಟ್ಟುವ ಒಬ್ಬ ಚಾಚಾ ಇದ್ದರು. ಸವೆದು ಬಿದ್ದ ಲಾಳಗಳ ಗುಡ್ಡೆಯೇ ಅವರ ಬಳಿ ಇತ್ತು. ಪುಸ್ತಕಕ್ಕೆ ಲಾಳ ಹೊಡೆಯಬೇಕು ಎಂದಾಗ ಅವರು ಎಲೆಯಡಿಕೆ ಉಗಿಯುವುದನ್ನೂ ಮರೆತು ನೋಡಿದರು. "ನಡೆದು ಹೋಗುತ್ತೇನಮ್ಮ ನಿನ್ ಕಿತಾಬು?"

ಲಾಳವನ್ನು ಕೆಂಪಗೆ ಕಾಯಿಸಿ, ಬಡಿದು ತೆಳ್ಳಗೆ ಮಾಡಿ, ಮೂಲೆಯ ಅಳತೆಗೆ ಮಡಿಸಿದೆವು. ಮೊದಲ ಸಲ ಮೊಳೆ ಹೊಡೆದಾಗ ರಟ್ಟು ಸೀಳಿತು. ಎರಡು ಪದರ ರಟ್ಟು ಅಂಟಿಸಿ ಒಣಗಿಸಿ, ಮೊದಲೇ ದಬ್ಬಣದಿಂದ ತೂತು ತೆಗೆದುಕೊಂಡು ಹೊಡೆದೆವು. ಆಗ ತುಕ್ಕಿನ ಚಿಂತೆ. ತುಕ್ಕು ಕಾಗದಕ್ಕೆ ಇಳಿದರೆ ವರ್ಷದೊಳಗೆ ಪುಟದ ಅಂಚು ಪುಡಿಯಾಗುತ್ತದೆ. ಚಾಚಾ ಕಬ್ಬಿಣವನ್ನು ಬಿಸಿ ಇರುವಾಗಲೇ ಹರಳೆಣ್ಣೆಯಲ್ಲಿ ಅದ್ದಿ ತೆಗೆದರು. ಹೊಗೆ ಎದ್ದು, ಆರಿದ ಮೇಲೆ ನೋಡಿದರೆ ಮೂಲೆಗಳು ಕರ್ರಗೆ, ನುಣ್ಣಗೆ ಮಿರುಗುತ್ತಿದ್ದವು. ಕಪ್ಪು ಬಟ್ಟೆಯ ರಟ್ಟಿನ ಮೇಲೆ ಆ ಮೂಲೆಗಳು ಕೂತಾಗ ನಾನೇ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಕಥೆಯೊಳಗಿನ ಪಟ್ಟಣದಿಂದಲೇ ಕದ್ದು ತಂದ ಪುಸ್ತಕದ ಹಾಗಿತ್ತು.

ಯಜಮಾನ ಈ ಸಲ ತೂಕ ನೋಡಿದ, ತಟ್ಟಿದ. "ಎತ್ತಿನ ಲಾಳ," ಎಂದ, ಯಾರೂ ಹೇಳದೆ.

"ಹೌದು."

"ಬುಕ್ಕು ಹಟ್ಟಿ ಒಳಗೆ ಬರಂಗಿಲ್ಲ. ಅವ್ಳು ಹೊರಗಿದ್ದಾಗ ಮಾತ್ರ. ತಾಯಿ ಬಂಡೆ ಮ್ಯಾಗೆ ಇಡ್ಲಿ, ಅವ್ಳು ತಗಳ್ಲಿ."

"ಗಟ್ಟಿಯಾಗಿ ಓದೋದು?"

"ಕುರಿ ಬಂದು ಸೇರಿದ ಮ್ಯಾಲೆ ಓದ್ಲಿ."

ನಾನು ಇನ್ನೂ ಎಳೆಯಬಹುದಿತ್ತು. ಎಳೆಯಲಿಲ್ಲ. ಗೆದ್ದ ಮೇಲೆ ಮಾತು ಬೆಳೆಸುವವರು ಗೆದ್ದದ್ದನ್ನೂ ಕಳೆದುಕೊಳ್ಳುತ್ತಾರೆ. ಹುಡುಗಿ ಹೊರಗೆ ಹೋಗುವ ಸಮಯ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಪುಸ್ತಕ ನನ್ನ ಬಳಿಯೇ ಇರಬೇಕಿತ್ತು. ತಾಯಿ ಅದನ್ನು ಸುತ್ತಲು ಕಂಬಳಿ ತುಂಡು ಕೊಟ್ಟಳು. ಆ ಮೂಲೆಗಳು ಟ್ರಂಕಿನ ಬೇರೆ ಪುಸ್ತಕಗಳನ್ನು ತರಚುತ್ತಿದ್ದವು. ಟ್ರಂಕನ್ನು ಬಸ್ಸಿನ ಮೇಲೆ ಏರಿಸುವಾಗ ಕಂಡಕ್ಟರ್ ಕೂಗಿದ, "ಏನ್ ಬೂಬಮ್ಮ, ಗುದ್ದಲಿ ಏನಾರ ತುಂಬ್ಕಂಡಿದ್ದೀಯಾ?"

ಹೊಸದುರ್ಗದ ಜಗಲಿಯಲ್ಲಿ ಕಂಬಳಿ ಬಿಚ್ಚಿದ್ದೇ ತಡ, ಹೆಂಗಸರು ಮುಗಿಬಿದ್ದರು. ವಕೀಲರಮ್ಮ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಮೂಲೆಗಳ ಮೇಲೆ ಬೆರಳಾಡಿಸಿದರು. "ಎಷ್ಟು ಚೆಂದ ಕಟ್ಟಿದ್ದೀರಿ! ಇದು ನನಗೆ ಮೊದಲು."

"ಇದು ಮೊದಲು ಮತ್ತೋಡಿನ ಹುಡುಗಿಗೆ," ಎಂದೆ. ಯಾಕೆ, ಹೇಗೆ ಎಲ್ಲವನ್ನೂ ಹೇಳಿದೆ. ಕಬ್ಬಿಣದ ಕಥೆ ಅವರಿಗೆ ಹಿಡಿಸುತ್ತದೆ ಎಂದುಕೊಂಡಿದ್ದೆ.

ಅವರ ಬೆರಳು ನಿಂತಿತು. ನಗೆಯ ಪುಸ್ತಕ ಕೊಡಿ ಎಂದಾಗ ಅದು ತಿರುಗಿ ಇದೇ ಟ್ರಂಕಿಗೆ ಬರುತ್ತದೆ ಎಂದು ಅವರು ಯೋಚಿಸಿರಲಿಲ್ಲ. "ಅಂದರೆ ನಮ್ಮ ಪುಸ್ತಕ ಆ ಗುಡ್ಲಿಗೆ ಹೋಗುತ್ತಾ? ಅವಳು ಆ ದಿನಗಳಲ್ಲಿ ಮುಟ್ಟಿದ್ದು ನಮ್ಮ ಮನೆಗೆ ಬರುತ್ತಾ?"

"ಒಂದನೇದು, ಎರಡನೇದು ಹೋಗಿ ಬಂದವೇ ಅಮ್ಮ. ಎರಡನೇ ಭಾಗ ಈಗ ನಿಮ್ಮ ದಿಂಬಿನ ಪಕ್ಕದಲ್ಲೇ ಇದೆ."

ವಕೀಲರಮ್ಮ ಎದ್ದು ಒಳಗೆ ಹೋದರು. ಎರಡನೇ ಭಾಗವನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ತಂದು ನನ್ನ ಚಾಪೆಯ ಮೇಲೆ ಬಿಟ್ಟರು. ಅವರ ಮಗಳು, ಹೈಸ್ಕೂಲಿನ ಕೊನೆಯ ವರ್ಷದವಳು, ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು.

ಆದರೂ ವಕೀಲರಮ್ಮ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಿತ್ತು. ತಗ್ಗಿದ ದನಿಯಲ್ಲಿ, ನನಗೆ ಒಳ್ಳೆಯದನ್ನೇ ಬಯಸುವವರ ಹಾಗೆ ಮಾತಾಡಿದರು. "ನೋಡಿ, ಮಳೆ ಬಿಸಿಲಿಗೆ ಎಷ್ಟು ದಿನ ಟ್ರಂಕು ಹೊರುತ್ತೀರಿ? ಮುಂದಿನ ಕೋಣೆ ಖಾಲಿ ಇದೆ, ಬೀದಿಗೆ ಬಾಗಿಲು ಇದೆ, ಬೀರು ಇದೆ. ಖಾಯಂ ಅಂಗಡಿ ಮಾಡಿಕೊಳ್ಳಿ. ಬೀದಿಯವರೆಲ್ಲ ಬರೋ ಹಾಗೆ ನಾನು ನೋಡಿಕೊಳ್ಳುತ್ತೇನೆ. ಆ ಹಟ್ಟಿಗೆ ಕೊಡೋದು ಮಾತ್ರ ನಿಲ್ಲಿಸಿ. ಇಲ್ಲದಿದ್ದರೆ ಈ ಜಗಲಿಯೂ ಬೇಡ."

ಬೀದಿಗೆ ಬಾಗಿಲಿರುವ ಕೋಣೆ, ಬೀರು. ಟ್ರಂಕು ಹೊತ್ತು ಕುತ್ತಿಗೆ ಸೊಟ್ಟಗಾದವಳಿಗೆ ಅದು ಎಂಥ ಮಾತು ಎಂದು ಹೊತ್ತವರಿಗೇ ಗೊತ್ತು. ಚೌಕಾಸಿಯ ಬುದ್ಧಿ ತಾನಾಗಿಯೇ ಕೆಲಸ ಮಾಡಿತು. ಬೇರೆ ಪ್ರತಿ ಹುಡುಕಿ ಹಟ್ಟಿಗೇ ಮೀಸಲಿಡಲೇ ಎಂದು ಕೇಳಿದೆ. ನನ್ನ ಟ್ರಂಕಿನಲ್ಲೇ ಇರುತ್ತದಲ್ಲ, ಬೇಡ ಎಂದರು. ರಟ್ಟು ಬದಲಿಸಿ ಕೊಡಲೇ ಎಂದೆ. ಬೇಡ. ಅವರಿಗೆ ಬೇಕಾದದ್ದು ಒಂದೇ, ಆ ಹುಡುಗಿ ನನ್ನ ಓದುಗರಲ್ಲಿ ಒಬ್ಬಳಾಗಿರಬಾರದು.

ಅಲ್ಲಿ ನನಗೆ ಸ್ಪಷ್ಟವಾಯಿತು. ಹಟ್ಟಿಯ ಯಜಮಾನ ಹೆದರಿದ್ದ, ಹೆದರಿಕೆಗೆ ಒಂದು ಬೆಲೆ ಹೇಳಿದ, ಅದನ್ನು ನಾನು ತೆರಬಹುದಿತ್ತು. ಈ ಜಗಲಿ ಬೆಲೆಯನ್ನೇ ಹೇಳುತ್ತಿರಲಿಲ್ಲ. ಅವರ ಮನೆಯ ಓದಿನ ಹೆಮ್ಮೆಗೆ ಯಾರಾದರೂ ಹೊರಗೆ ಇರಲೇಬೇಕಿತ್ತು. ಅಂಥವರಿಗೆ ಪುಸ್ತಕ ಬಾಡಿಗೆಗೆ ಕೊಡಬಹುದು, ಓದುಗರನ್ನು ಬಿಟ್ಟುಕೊಡಬಾರದು.

"ಕೋಣೆ ಚೆನ್ನಾಗಿದೆ ಅಮ್ಮ. ಬೇರೆ ಯಾರಿಗಾದರೂ ಕೊಡಿ," ಎಂದೆ. ಚಾಪೆಯ ಮೇಲಿದ್ದ ಎರಡನೇ ಭಾಗವನ್ನು ಎತ್ತಿ, ದೂಳು ಒರೆಸಿ, ಕಂಬಳಿಯಲ್ಲಿ ಮೂರನೆಯದರ ಜೊತೆಗೇ ಸುತ್ತಿದೆ. ಟ್ರಂಕು ತಲೆಗೆ ಎತ್ತಿಕೊಡಲು ಯಾರೂ ಬರಲಿಲ್ಲ. ಜಗಲಿಯ ಕಟ್ಟೆಗೆ ಒರಗಿಸಿ ನಾನೇ ಎತ್ತಿಕೊಂಡೆ.

ಮುಂದಿನ ಸಂತೆಗೆ ಬಸ್ ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕೂತೆ. ಕಡಲೆಕಾಯಿ ಮಾರುವವಳು ಒಂದು ಕಡೆ, ಬೀಗ ರಿಪೇರಿಯವನು ಇನ್ನೊಂದು ಕಡೆ. ಜಗಲಿಯ ಗಿರಾಕಿಗಳು ಬಸ್ಸಿಗೆ ಬಂದರೂ ಆಚೆ ಮುಖ ಮಾಡಿ ನಿಲ್ಲುತ್ತಿದ್ದರು. ಅದರ ಮುಂದಿನ ಸಂತೆಗೂ ಅದೇ. ಹೊಸದುರ್ಗ ಕೈಬಿಟ್ಟರೆ ಹೊಳಲ್ಕೆರೆ, ಹಿರಿಯೂರಿನಲ್ಲೇ ಹೊಟ್ಟೆ ಹೊರೆಯಬೇಕು ಎಂದು ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದೆ. ಆದರೂ ಕರಿಮೂಲೆಯ ಪುಸ್ತಕವನ್ನು ಎಲ್ಲಕ್ಕಿಂತ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ಯಾರಾದರೂ ಕೈ ಹಾಕಿದರೆ ನನ್ನ ಮಾತು ಸಿದ್ಧವಾಗಿತ್ತು: "ಇದು ಹಟ್ಟಿಯ ಹುಡುಗಿ ಹೊರಗೆ ಕೂತು ಓದೋ ಪುಸ್ತಕ. ಅವಳಾದ ಮೇಲೆ ಬೇಕಾದವರು ಹೆಸರು ಹೇಳಿ." ಮುಚ್ಚಿಟ್ಟು ಕೊಡುವುದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಮುಚ್ಚಿಟ್ಟರೆ ವಕೀಲರಮ್ಮ ಹೇಳಿದ್ದು ಸರಿ ಎಂದು ನಾನೇ ಒಪ್ಪಿದ ಹಾಗಾಗುತ್ತಿತ್ತು.

ಮೊದಲು ಬಂದವಳು ವಕೀಲರ ಮಗಳೇ. ಸ್ಕೂಲು ಚೀಲ ಎದೆಗೆ ಅವಚಿಕೊಂಡು ಸುತ್ತಮುತ್ತ ನೋಡಿದಳು.

"ಎರಡನೇದು ನನ್ನ ಕೈಯಿಂದ ಅಮ್ಮ ಕಿತ್ತುಕೊಂಡರು. ಮಂತ್ರ ಹೇಳೋ ತನಕ ಓದಿದ್ದೆ. ಕೊಡ್ತೀರಾ?"

"ಅದು ಎಲ್ಲಿ ಹೋಗಿ ಬಂದಿದೆ, ಗೊತ್ತಲ್ಲ?"

"ಗೊತ್ತು. ನಾನೂ ತಿಂಗಳು ತಿಂಗಳು ಹಿತ್ತಲ ಕೋಣೇಲೇ ಇರ್ತೀನಿ," ಎಂದಳು ಅವಳು, ಸ್ವಲ್ಪ ರೇಗಿಯೇ. "ನಮ್ಮದಕ್ಕೆ ಹೆಂಚು ಇದೆ, ಅಷ್ಟೇ."

ಎರಡನೆಯದನ್ನು ಕೊಟ್ಟೆ. ಅವಳು ಮೂರನೆಯದನ್ನೂ ನೋಡಿದಳು. ಅದು ಈಗಲ್ಲ, ನಿನ್ನ ಸರದಿ ಆ ಹುಡುಗಿಯ ಆಮೇಲೆ ಎಂದೆ. ಅವಳು ತಲೆಯಾಡಿಸಿದಳು, "ಬೇಗ ಓದೋಕೆ ಹೇಳಿ," ಎಂದು ಚೀಲಕ್ಕೆ ಪುಸ್ತಕ ತುಂಬಿಕೊಂಡು ಓಡಿದಳು. ಅವಳ ಹಿಂದೆ ಇನ್ನೂ ಕೆಲವರು ಬಂದರು, ಎಲ್ಲರೂ ಅಲ್ಲ. ವಕೀಲರಮ್ಮ ಕೊನೆಗೂ ಬರಲಿಲ್ಲ. ಅದಕ್ಕೆ ನನಗೆ ಆಗಲೂ ಬೇಸರವಾಗಲಿಲ್ಲ, ಈಗಲೂ ಇಲ್ಲ.

ಹ್ಞಾಂ, ಆ ಮಧ್ಯೆಯೇ ಹಟ್ಟಿಯ ತಾಯಿಯಿಂದ ಮಾತು ಬಂತು, ಹುಡುಗಿ ಹೊರಗೆ ಹೋಗಿದ್ದಾಳೆ ಎಂದು. ಸಿಕ್ಕಿದ ಬಸ್ಸು ಹತ್ತಿ ಪುಸ್ತಕ ಮುಟ್ಟಿಸಿ ಬಂದೆ. ಮರಳಿ ತರಲು ಹೋದಾಗ ಹೊತ್ತು ಇಳಿದಿತ್ತು. ಕುರಿಗಳು ದೊಡ್ಡಿ ಸೇರಿದ್ದವು. ಯಜಮಾನ ಬೇಲಿಯ ಒಳಗೆ, ನಮ್ಮ ಕಡೆಗೆ ಬೆನ್ನು ಮಾಡಿ, ಹಗ್ಗ ಹೊಸೆಯುತ್ತಾ ಕೂತಿದ್ದ. ಹಗ್ಗ ಹೊಸೆಯಲು ಅವನಿಗೆ ಬೇರೆ ಜಾಗ ಬೇಕಾದಷ್ಟಿತ್ತು. ತಾಯಿ ತನ್ನ ಬಂಡೆಯ ಮೇಲಿದ್ದಳು, ನಾನು ಪಕ್ಕದಲ್ಲಿ ಟ್ರಂಕು ಇಳಿಸಿ ಕೂತೆ. ಹುಡುಗಿ ಬಾಗಿಲಲ್ಲಿ ಕೊನೆಯ ಹಾಳೆಗಳನ್ನು ಓದಿದಳು. ದನಿಯಲ್ಲಿ ನಡುಕವಿರಲಿಲ್ಲ. ರಾಣಿ ತನ್ನ ಪಟ್ಟಣದ ಗಾಜನ್ನೆಲ್ಲ ಒಡೆಯುತ್ತಾಳೆ, ಬಿಸಿಲು ನುಗ್ಗುತ್ತದೆ, ಕತ್ತಲು ಹೋಗುತ್ತದೆ, ತಾಯಿಯ ಹೆಸರು ನೆನಪಾಗುತ್ತದೆ. ಮುಗಿಯಿತು.

ಹುಡುಗಿ ಪುಸ್ತಕ ಮುಚ್ಚಿದಳು. ಕಬ್ಬಿಣದ ಮೂಲೆ ಟಕ್ ಎಂದಿತು.

"ಚೆನ್ನಾಗಿಲ್ಲ," ಎಂದಳು.

"ಯಾಕವ್ವ? ಹೆಸರು ಸಿಕ್ತಲ್ಲ?"

"ಅಷ್ಟು ಕಷ್ಟಪಟ್ಟು ಪಟ್ಣ ಕಟ್ಟವ್ಳೆ. ಕತ್ಲು ಅವ್ಳದು. ಅದ್ಯಾಕೆ ಒಡೀಬೇಕು? ಹೆಸ್ರು ಬೇಕಿದ್ರೆ ಅವ್ರವ್ವನ್ನೇ ಕೇಳ್ಬೌದಿತ್ತು."

"ಹೂಂ ಮತ್ತೆ," ಎಂದಳು ತಾಯಿ, ಬಂಡೆಯ ಮೇಲಿಂದ. "ಕೇಳಿದ್ರೆ ನಾನೇನು ಹೇಳ್ತಿರ್ಲಿಲ್ವಾ?"

ಬೇಲಿಯೊಳಗೆ ಯಜಮಾನ ಕೆಮ್ಮಿದ. ಹುಡುಗಿ ಪುಸ್ತಕವನ್ನು ಬಂಡೆಯ ಈಚೆ ತುದಿಗೆ ತಂದಿಟ್ಟು ಹಿಂದೆ ಸರಿದಳು. ಲಾಟೀನು ಎತ್ತಿ ನನ್ನ ಟ್ರಂಕಿನ ಕಡೆ ಹಿಡಿದಳು.

"ಬೂಬಮ್ಮ, ಇದಕ್ಕಿಂತ ಕರ್ರಗಿರೋದು ಐತಾ?"

"ಐತೆ. ಅದು ನಾಲ್ಕು ಭಾಗ."

"ನಾಲ್ಕೂ ಮೊದ್ಲು ನಂಗೆ."

ನಾನು ಚೌಕಾಸಿ ಮಾಡಲಿಲ್ಲ.